ಎಡಕ್ಕೆ ಬಿದ್ದ ಹೂ

ಬೆಳಗಿನ ಜಾವ ಓಣಿಯ ತುದಿಯಲ್ಲಿ ಬುಡಬುಡಿಕೆಯ ಸದ್ದು ಕೇಳಿದರೆ ನಾನು ಮಾಡುತ್ತಿದ್ದ ಮೊದಲ ಕೆಲಸ ಹಿತ್ತಲಿಗೆ ಓಡಿ ತಂತಿಯ ಮೇಲಿನ ಬಟ್ಟೆ ಎಳೆದುಕೊಳ್ಳುವುದು. ಅದಕ್ಕೆ ಕಾರಣವಿತ್ತು. ಆ ಬುಡಬುಡಿಕೆಯವನು ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಬರುತ್ತಿದ್ದ, ಹಿತ್ತಲ ಗೋಡೆಯ ಮಗ್ಗುಲಿಂದಲೇ ಬರುತ್ತಿದ್ದ, ಅಂಗಳದಲ್ಲಿ ನಿಂತು, “ಈ ಮನ್ಯಾಗ ಎರಡು ಲಕ್ಷ್ಮಿ ಅದಾವ ತಾಯಿ, ಗಂಡಮಗನ ಯೋಗ ಇಲ್ಲ” ಅನ್ನುತ್ತಿದ್ದ. ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡು ಮೊರದ ತುಂಬ ಜೋಳ ಸುರಿಯುತ್ತಿದ್ದಳು. ಇವನಿಗೆ ಹೇಗೆ ಗೊತ್ತಾಯಿತು ಅಂತ ನನಗೆ ಎರಡು ವರ್ಷ ತಲೆ ಕೆಟ್ಟಿತ್ತು. ಮೂರನೆಯ ವರ್ಷ ತಿಳಿಯಿತು. ತಂತಿಯ ಮೇಲೆ ಎರಡು ಲಂಗ, ಒಂದು ಸೀರೆ, ಒಂದು ಧೋತರ. ಚಡ್ಡಿ ಇಲ್ಲ.

ಮರುವರ್ಷ ನೆರೆಮನೆಯಿಂದ ಎರಡು ಚಡ್ಡಿ ತಂದು ಒಣಹಾಕಿದೆ. ಅವನು ಬಂದು, “ಇಬ್ಬರು ಕುವರರು ಅದಾರ ತಾಯಿ, ಒಬ್ಬಗ ರಾಜಯೋಗ ಐತಿ” ಅಂದ. ನಾನು ನೆಲದ ಮೇಲೆ ಬಿದ್ದು ನಕ್ಕೆ. ಅಕ್ಕನೂ ಬಾಯಿಗೆ ಕೈ ಒತ್ತಿಕೊಂಡು ನಕ್ಕಳು. ಅವ್ವ ನಗಲಿಲ್ಲ. ಅಪ್ಪ ಎಮ್ಮೆಯ ಹಗ್ಗ ಬಿಚ್ಚುತ್ತ, “ಇದೊಂದು ಸಂಶಯ ಪಿಶಾಚಿ ಹುಟ್ಟೈತಿ ನಮ್ಮನ್ಯಾಗ” ಅಂದ. ಅಪ್ಪ ನನಗೆ ಇಟ್ಟ ಹೆಸರುಗಳಲ್ಲಿ ಅದೇ ಸ್ವಲ್ಪ ಮೃದುವಾದದ್ದು.

ಸದಲಗಾದಿಂದ ಸ್ವಲ್ಪ ದೂರ, ದೂಧಗಂಗಾ ನದಿಯ ದಂಡೆಯ ಹಳ್ಳಿ ನಮ್ಮದು. ಈ ಕಡೆ ಕನ್ನಡ, ಹೊಳೆ ದಾಟಿದರೆ ಮರಾಠಿ. ಹಾಗಾಗಿ ನಮಗೆ ಯಾವುದಕ್ಕೂ ಒಂದು ಹೆಸರು ಸಾಲುತ್ತಿರಲಿಲ್ಲ. ಮುಂದೆ ಆಗುವುದನ್ನು ಹೇಳುವವರಿಗಂತೂ ಲೆಕ್ಕವಿಲ್ಲದಷ್ಟು ಹೆಸರು. ಪಂಚಾಂಗ ಬಿಚ್ಚಿದರೆ ಜೋಶಿ. ಬುಡಬುಡಿಕೆಯವನೇ ಹೊಳೆಯಾಚೆ ಹೋದರೆ ಪಿಂಗಳಾ. ಬುಟ್ಟಿ ಹೊತ್ತು ಬಂದು ಅಂಗೈ ಹಿಡಿಯುವವಳು ಕಣಿ ಹೇಳಾಕಿ. ನಿಪ್ಪಾಣಿ ಬಸ್‌ಸ್ಟ್ಯಾಂಡಿನ ಬೇವಿನ ಮರದ ಕೆಳಗೆ ಪಂಜರ ಇಟ್ಟುಕೊಂಡು ಕೂಡುವವನು ಗಿಣಿಯವನು. ಅವನ ಗಿಣಿ ಎಲ್ಲರಿಗೂ ಅದೇ ನಾಲ್ಕೈದು ಚೀಟಿಗಳನ್ನು ತೆಗೆಯುತ್ತಿತ್ತು. ಅವುಗಳ ಅಂಚಿಗೆ ಮಾತ್ರ ಕಾಳಿನ ಪುಡಿ ಮೆತ್ತಿತ್ತು. ಇದನ್ನು ಕಂಡುಹಿಡಿಯಲು ನಾನು ಎರಡು ಬಸ್ಸು ಬಿಟ್ಟು ನಿಂತಿದ್ದೆ. ಮನೆಗೆ ತಡವಾಗಿ ಬಂದದ್ದಕ್ಕೆ ಅಪ್ಪನಿಂದ ಬೈಸಿಕೊಂಡೆ, ಆದರೆ ಖುಷಿ ಕಡಿಮೆಯಾಗಲಿಲ್ಲ.

ಇಷ್ಟೆಲ್ಲ ಹೆಸರುಗಳನ್ನು ನಮ್ಮ ಊರವರು ಮೂರೇ ಗುಂಪು ಮಾಡಿದ್ದರು. ನೋಡಾಂವ, ಹೇಳಾಂವ, ಕೇಳಾಂವ. ಜೋಶಿ ನೋಡಾಂವ, ಯಾಕೆಂದರೆ ಪುಸ್ತಕ ನೋಡುತ್ತಾನೆ. ಬುಡಬುಡಿಕೆಯವನು ಹೇಳಾಂವ. ಕೇಳಾಂವ ಮಾತ್ರ ಒಬ್ಬನೇ, ನಮ್ಮ ಊರ ದೇವಿಯ ಪೂಜಾರಿ. ಅವನು ತಾನಾಗಿ ಏನೂ ಹೇಳುತ್ತಿರಲಿಲ್ಲ, ದೇವಿಯನ್ನು ಕೇಳುತ್ತಿದ್ದ. ಹೇಳಾಂವನ ಮಾತು ಸುಳ್ಳಾದರೆ ಜನ ನಗುತ್ತಿದ್ದರು, ಜೋಶಿಯದು ತಪ್ಪಿದರೆ ಗಳಿಗೆ ತಪ್ಪಿತು ಅನ್ನುತ್ತಿದ್ದರು. ಕೇಳಾಂವನ ಮಾತಿಗೆ ಎದುರಿಲ್ಲ. ಭೂಮಿ ಕೊಳ್ಳುವುದಿರಲಿ, ಮಗನನ್ನು ದತ್ತಕ ಕೊಡುವುದಿರಲಿ, ಹೆಣ್ಣು ಕೊಡುವುದಿರಲಿ, “ದೇವಿಗೆ ಹೂ ಹಚ್ಚಿ ಕೇಳ್ಯಾರ” ಅಂದರೆ ಅಲ್ಲಿಗೆ ಮಾತು ಮುಗಿಯಿತು. ಅದಕ್ಕೇ ನನ್ನ ಸಂಶಯವೆಲ್ಲ ಅವನ ಮೇಲೆಯೇ ಇತ್ತು.

ಹೂ ಕೇಳುವ ಪದ್ಧತಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮಂಗಳವಾರ ಅಥವಾ ಶುಕ್ರವಾರ, ಸ್ನಾನ ಮಾಡಿ, ಮನೆಮಂದಿಯೆಲ್ಲ ಗುಡಿಗೆ ಹೋಗಬೇಕು. ಮನೆಯ ಹಿರಿ ಹೆಂಗಸು ತಾಟಿನಲ್ಲಿ ಕಾಯಿ, ಕುಂಕುಮ, ಎರಡು ಕಣಗಿಲ ಮೊಗ್ಗು ಇಟ್ಟುಕೊಂಡು ಬರಬೇಕು. ಪೂಜಾರಿ ಒಂದು ಮೊಗ್ಗನ್ನು ದೇವಿಯ ಒಂದು ಹೆಗಲಿಗೆ, ಇನ್ನೊಂದನ್ನು ಇನ್ನೊಂದು ಹೆಗಲಿಗೆ ಹಚ್ಚುತ್ತಾನೆ. ಗಂಡಸು ಪ್ರಶ್ನೆ ಕೇಳುತ್ತಾನೆ. ಆಮೇಲೆ ಎಲ್ಲರೂ ಉಸಿರು ಬಿಗಿಹಿಡಿದು ಕೂಡಬೇಕು, ಕೆಮ್ಮುವ ಹಾಗಿಲ್ಲ. ಮೊಗ್ಗು ಒಣಗುತ್ತ ಒಂದು ಉದುರುತ್ತದೆ. ನಾವು ಕೂತಲ್ಲಿಂದ ಬಲಗಡೆಯದು ಬಿದ್ದರೆ ದೇವಿ ಹೂಂ ಅಂದಳು, ಎಡಗಡೆಯದು ಬಿದ್ದರೆ ಒಲ್ಲೆ ಅಂದಳು.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ ನನ್ನ ಅಕ್ಕನ ಮದುವೆ ಹೀಗೊಂದು ಮೊಗ್ಗಿನ ಮೇಲೆ ನಿಂತಿತ್ತು. ಆ ಮೊಗ್ಗಿಗೆ ಕೈ ಹಾಕಿದವಳು ನಾನು.

ಅಕ್ಕ ನನಗಿಂತ ಮೂರು ವರ್ಷ ದೊಡ್ಡವಳು. ಎಸ್ಸೆಸ್ಸೆಲ್ಸಿಗೆ ನಿಲ್ಲಿಸಿ ಹೊಲಿಗೆ ಮಷೀನಿನ ಮುಂದೆ ಕೂತಿದ್ದಳು. ನಾನು ಚಿಕ್ಕೋಡಿಯ ಕಾಲೇಜಿನಲ್ಲಿ ವಿಜ್ಞಾನ ಓದುತ್ತಿದ್ದೆ, ಎಂಬತ್ತರ ದಶಕದ ಕೊನೆಯ ವರ್ಷಗಳವು. ನನ್ನನ್ನು ಕಾಲೇಜಿಗೆ ಕಳಿಸಲು ಅಪ್ಪನಿಗೆ ಮನಸ್ಸಿರಲಿಲ್ಲ. “ಎಮ್ಮಿಗೂ ಒಂದು ಅರ್ಜಿ ತುಂಬ್ರಿ, ಅದೂ ಕಾಲೇಜಿಗೆ ಹೋಗಲಿ” ಅಂತ ಬಂದವರ ಮುಂದೆಲ್ಲ ಹೇಳುತ್ತಿದ್ದ. ಕಳಿಸುವಂತೆ ಮಾಡಿದವಳು ಅಕ್ಕ. ಮೂರು ದಿನ ಅಪ್ಪನ ಹಿಂದೆ ಮುಂದೆ ಸುತ್ತಿ, ಊಟ ಬಡಿಸುವಾಗ, ಕಾಲಿಗೆ ನೀರು ಕೊಡುವಾಗ, ಒಂದೇ ಮಾತು ಹೇಳಿ ಹೇಳಿ ಒಪ್ಪಿಸಿದಳು. ನನಗೆ ಕಾಲೇಜಿಗೆ ಎರಡು ಜಂಪರನ್ನು ಅವಳೇ ಹೊಲಿದುಕೊಟ್ಟಳು. ಒಳಗೆ ಒಂದು ಗುಪ್ತ ಕಿಸೆ ಇಟ್ಟಿದ್ದಳು, ಪೆನ್ನು ಇಡಲು.

ನಿಪ್ಪಾಣಿಯಿಂದ ಸಂಬಂಧ ಬಂತು. ತಂಬಾಕು ತುಂಬಿಡುವ ದೊಡ್ಡ ವಖಾರ ಇದ್ದ ಮನೆ, ಇಬ್ಬರು ಗಂಡುಮಕ್ಕಳು, ಹಿರಿಯವನಿಗೆ ಮದುವೆಯಾಗಿತ್ತು. ಕಿರಿಯವನಿಗೆ ಅಕ್ಕನನ್ನು ಕೇಳಿದ್ದರು. ಅಪ್ಪ ಸಂತೆಯಲ್ಲಿ ಎದೆ ಉಬ್ಬಿಸಿಕೊಂಡು ತಿರುಗಿದ. ಎರಡು ಎಮ್ಮೆಯವನ ಮನೆಗೆ ವಖಾರದವರು ಬಂದಿದ್ದಾರೆ ಅಂದರೆ ಸಣ್ಣ ಮಾತೇ?

ಮನೆ ನೋಡಲು ನಾವು ನಾಲ್ಕು ಜನ ಹೋದೆವು. ಅಪ್ಪ, ಕಾಕಾ, ಅವ್ವ, ನಾನು. ಗಂಡಸರು ಹೊರಗಿನ ಗಾದಿಯ ಮೇಲೆ ಕೂತರು, ನಾವು ಅಡಿಗೆಮನೆಗೆ ಹೋದೆವು. ಇಡೀ ಮನೆ ತಂಬಾಕಿನ ಘಾಟಿನಿಂದ ತುಂಬಿತ್ತು, ನಾನು ಒಂದೇ ಸಮ ಸೀನುತ್ತಿದ್ದೆ. ತಾಮ್ರದ ಹಂಡೆಗಳು ಸಾಲಾಗಿ ಹೊಳೆಯುತ್ತಿದ್ದವು. ಟೀವಿಯ ಮೇಲೆ ಕಸೂತಿಯ ಬಟ್ಟೆ ಹೊದಿಸಿದ್ದರು. ಹಿರಿಸೊಸೆ, ನನಗಿಂತ ನಾಲ್ಕು ವರ್ಷ ದೊಡ್ಡವಳಿರಬೇಕು, ನಮಗೆ ಚಹಾ ಕೊಟ್ಟು ತಾನೂ ಒಂದು ಕಪ್ಪು ಹಿಡಿದು ಅವ್ವನ ಎದುರು ಕೂತು ಮಾತಿಗೆ ತೊಡಗಿದಳು. ಎರಡು ಮಾತಾಡಿರಬೇಕು, ಹೊರಗೆ ಮೋಟರ್‌ಸೈಕಲ್ಲಿನ ಸದ್ದಾಯಿತು, ಫಟಫಟಿ ಬಂದು ನಿಂತಿತು. ಅಣ್ಣ ತಮ್ಮ ಇಬ್ಬರೂ ಬಂದಿದ್ದರು. ಹಿರಿಸೊಸೆ ಅರ್ಧ ಕುಡಿದ ಕಪ್ಪನ್ನು ನೆಲದ ಮೇಲಿಟ್ಟು ಎದ್ದು, ಗೋಡೆಗೆ ಬೆನ್ನು ಹಚ್ಚಿ ನಿಂತಳು. ನಾವು ಹೊರಡುವ ತನಕ ಅವಳು ಕೂಡಲಿಲ್ಲ, ಚಹಾ ಮುಗಿಸಲಿಲ್ಲ. ನನಗೆ ಅದು ಮರ್ಯಾದೆಯಾಗಿ ಕಂಡಿತು. ದೊಡ್ಡ ಮನೆಯ ರೀತಿ ಅಂದುಕೊಂಡೆ. ತಂತಿಯ ಮೇಲಿನ ಚಡ್ಡಿ ಎಣಿಸುವ ನನ್ನ ಕಣ್ಣಿಗೆ ಅಷ್ಟೇ ಕಂಡದ್ದು.

ಬಸ್ಸಿನಲ್ಲಿ ಬರುವಾಗ ಅಪ್ಪ, “ಹೆಂಗೈತಿ?” ಅಂದ.

“ಮನಿ ದೊಡ್ಡದೈತಿ” ಅಂದಳು ಅವ್ವ.

“ಹಂಗಾರ ಆತು ಬಿಡು.”

ಅವ್ವ ಕಿಟಕಿಯ ಹೊರಗೆ ನೋಡುತ್ತ ಕೂತಳು. ಚಿಕ್ಕೋಡಿ ದಾಟಿದ ಮೇಲೆ, “ದೇವಿಗೆ ಒಂದು ಮಾತ ಕೇಳೂಣು. ಹಿರೀ ಮಗಳು” ಅಂದಳು. ಅಪ್ಪನಿಗೆ ಬೇಸರವಾಯಿತು, ಆದರೆ ದೇವಿಯನ್ನು ಕೇಳಬೇಡ ಅನ್ನುವ ಧೈರ್ಯ ನಮ್ಮ ಊರಲ್ಲಿ ಯಾವ ಗಂಡಸಿಗೂ ಇರಲಿಲ್ಲ.

ಶುಕ್ರವಾರ ಬೆಳಿಗ್ಗೆ ಅವ್ವ ತಾಟು ಜೋಡಿಸಿದಳು. ಕಾಯಿ ಓರೆಯಾಗಿ, ಅದರ ಜುಟ್ಟು ಒಂದು ಕಡೆಗೆ ವಾಲಿಕೊಂಡು ಕೂತಿತ್ತು. ನಾನು ಅದನ್ನು ನೆಟ್ಟಗೆ ಮಾಡಲು ಹೋದೆ. ಅವ್ವ ಚಟ್ಟನೆ ಕೈಗೆ ಹೊಡೆದಳು. “ಕಾಯಿ ಮುಟ್ಟಬ್ಯಾಡ.” ಮೈಲಿಗೆ ಮಡಿ ಅಂತ ಏನೋ ಇರಬೇಕು ಅಂದುಕೊಂಡು ಮುಖ ಊದಿಸಿಕೊಂಡೆ. ಅಕ್ಕ ಅಲ್ಲೇ ನಿಂತಿದ್ದಳು, ಹಸಿರು ಸೀರೆ, ತಲೆಗೆ ಸ್ನಾನ ಮಾಡಿದ್ದರಿಂದ ಕೂದಲು ಇನ್ನೂ ಒದ್ದೆ. ಅವಳು ತಾಟನ್ನು ಒಮ್ಮೆ ನೋಡಿ ಅವ್ವನ ಮುಖ ನೋಡಿದಳು.

ಗುಡಿಯಲ್ಲಿ ಹತ್ತು ಹದಿನೈದು ಜನ ಇದ್ದರು. ಪೂಜಾರಿ ಮುದುಕ, ಹಲ್ಲಿಲ್ಲ, ಕಿವಿ ಮಂದ. ಅವ್ವನ ಕೈಯಿಂದ ತಾಟು ತೆಗೆದುಕೊಂಡು ದೇವಿಯ ಮುಂದಿಟ್ಟ. ನಾನು ಆ ದಿನ ಅವನ ಕೈಯಿಂದ ಕಣ್ಣು ತೆಗೆಯಬಾರದು ಅಂತ ನಿಶ್ಚಯ ಮಾಡಿ ಎಲ್ಲರಿಗಿಂತ ಮುಂದೆ ಕೂತಿದ್ದೆ. ಅವನು ಬೆರಳನ್ನು ಗಂಧದ ಬಟ್ಟಲಿಗೆ ಅದ್ದಿದ, ಬಲಗಡೆ ಒರೆಸಿದ, ಮೊಗ್ಗು ಹಚ್ಚಿದ. ಆಮೇಲೆ ನೀರಿನ ತಂಬಿಗೆಗೆ ಅದ್ದಿದ, ಎಡಗಡೆ ಹಚ್ಚಿದ. ಅಪ್ಪ ಕೈ ಮುಗಿದು, “ನಿಪ್ಪಾಣಿ ಸಂಬಂಧ ಆಗಬಹುದೇನವ್ವಾ, ಹೇಳು” ಅಂದ.

ಸ್ವಲ್ಪ ಹೊತ್ತಿಗೆ ಎಡಗಡೆಯ ಮೊಗ್ಗು ಉದುರಿತು.

“ಒಲ್ಲೆ ಅಂದಳು ತಾಯಿ” ಅಂದ ಪೂಜಾರಿ. ಹೆಂಗಸರು ಲೊಚಗುಟ್ಟಿದರು. ಅಪ್ಪನ ಮುಖ ಬಾಡಿಹೋಯಿತು. ವಖಾರ, ಗಾದಿ, ಸಂತೆಯಲ್ಲಿ ಸಿಕ್ಕ ಮರ್ಯಾದೆ, ಎಲ್ಲ ಆ ಮೊಗ್ಗಿನ ಜೊತೆ ಬಿದ್ದಿತ್ತು. ನನಗೆ ಆ ಮುಖ ನೋಡಲಾಗಲಿಲ್ಲ. ಸುಳ್ಳು ಹೇಳಬಾರದು, ಅಪ್ಪನ ಮೇಲಿನ ಕರುಣೆಗಿಂತ ಹೆಚ್ಚಾಗಿ ಹಿಡಿದುಬಿಟ್ಟೆ ಅನ್ನುವ ಖುಷಿಯಿತ್ತು. ಎದ್ದು ಹೋಗಿ ಬಲಗಡೆಯ ಹೆಗಲಿನ ಮೊಗ್ಗನ್ನು ಕಿತ್ತೆ. ಅದರ ಹಿಂದೆ ಗಂಧ ಬೆಣ್ಣೆಯಷ್ಟು ದಪ್ಪ ಅಂಟಿತ್ತು.

“ಅಪ್ಪಾ, ಇಲ್ಲಿ ಬಂದು ನೋಡ್ರಿ. ಈ ಕಡೆ ಗಂಧ ಮೆತ್ಯಾನ, ಆ ಕಡೆ ಬರೇ ನೀರು. ಇದು ಹೆಂಗ ಬೀಳತೈತಿ? ಮುಂದಿನ ಶುಕ್ರವಾರದ ತನಕ ಬೀಳೂದಿಲ್ಲ.”

ದೇವಿಯನ್ನು ಮುಟ್ಟಿದಳಲ್ಲ ಅಂತ ಯಾರೋ ಅಂದರು. ಅಪ್ಪ ಎದ್ದು ಬಂದ. ಬೆರಳಿನಿಂದ ಗಂಧ ಉಜ್ಜಿ ನೋಡಿದ, ಮೂಸಿ ನೋಡಿದ. ಪೂಜಾರಿಯ ಕಡೆ ತಿರುಗಿ, “ಏನಲೇ ಇದು?” ಅಂದ. ಅಲ್ಲಿಯ ತನಕ ಅಪ್ಪ ಅವನನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದ.

ಮುದುಕ ಅಪ್ಪನನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ನನ್ನ ಹಿಂದೆ ಕೂತಿದ್ದ ಅವ್ವನನ್ನು ನೋಡಿದ. “ಇರಲಿಬಿಡ್ರಿ” ಅಂದ. “ದೇವಿ ಬ್ಯಾಡಂದಳ. ಬ್ಯಾಡಾದ್ದನ್ನ ಮಾಡಬ್ಯಾಡ್ರಿ.” ಹೆಂಗಸರ ಮುಂದೆ ಅಂಗಲಾಚುತ್ತಾನೆ, ಕಳ್ಳ, ಅಂದುಕೊಂಡೆ ನಾನು. ಶಕುನ ಹೇಳುವ ಹಲ್ಲಿ ತಾನೇ ಅಂಬಲಿಯಲ್ಲಿ ಬಿತ್ತು ಅಂತ ಜೋರಾಗಿಯೇ ಅಂದೆ. ಕಾಕಾ ನಕ್ಕ, ಇನ್ನೂ ಇಬ್ಬರು ನಕ್ಕರು. ನಗು ಬಂದದ್ದೇ ಅಪ್ಪನಿಗೆ ಧೈರ್ಯ ಬಂತು.

“ನೀನ ಹಚ್ಚು” ಅಂದ ನನಗೆ. “ಕುವಾರಿ ಹುಡಿಗಿ ಕೈ, ದೋಷ ಇಲ್ಲ.”

ನಾನು ಎರಡೂ ಹೆಗಲನ್ನು ಲಂಗದ ಅಂಚಿನಿಂದ ಒರೆಸಿದೆ. ಎರಡೂ ಕಡೆ ನೀರನ್ನೇ ಹಚ್ಚಿ, ಎರಡು ಮೊಗ್ಗನ್ನೂ ಒಂದೇ ಎತ್ತರಕ್ಕೆ ಒತ್ತಿದೆ. ಪ್ರಯೋಗಾಲಯದಲ್ಲಿ ಹೇಗೆ ಮಾಡುತ್ತಿದ್ದೆವೋ ಹಾಗೆ. ನಾನು ಮೋಸ ಮಾಡಲಿಲ್ಲ, ಇದನ್ನು ಯಾವ ಗುಡಿಯಲ್ಲಿ ಬೇಕಾದರೂ ಹೇಳಬಲ್ಲೆ. ಕೈ ಹಿಂದೆ ಕಟ್ಟಿಕೊಂಡು ನಿಂತೆ. ಬಲಗಡೆಯ ಮೊಗ್ಗು ಬಿತ್ತು.

ಅಪ್ಪ ನನ್ನ ಬೆನ್ನು ತಟ್ಟಿದ. ಎಲ್ಲರಿಗೂ ಕೇಳುವ ಹಾಗೆ, “ಕಲಿಸಿದ್ದು ಸಾರ್ಥಕ ಆತು ನೋಡ್ರಿ. ಶಾಣ್ಯಾಕಿ ಅದಾಳ ನನ್ನ ಮಗಳು” ಅಂದ. ಹತ್ತೊಂಬತ್ತು ವರ್ಷದಲ್ಲಿ ಅಪ್ಪ ನನ್ನನ್ನು ಹೊಗಳಿದ್ದು ಅದೇ ಮೊದಲು. ನನ್ನ ಕಣ್ಣಲ್ಲಿ ನೀರು ಬಂತು. ಅವ್ವನ ಕಡೆ ನೋಡಿದೆ. ಅವಳು ತಾಟಿನಲ್ಲಿದ್ದ ಕಾಯಿಯನ್ನು ತೆಗೆದು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅಕ್ಕ ತಲೆ ತಗ್ಗಿಸಿದ್ದಳು. ನಾಚಿಕೆ ಅಂದುಕೊಂಡೆ.

ಬೇಸಿಗೆಯಲ್ಲಿ ಮದುವೆಯಾಯಿತು.

ಪೂಜಾರಿಯ ಮುಂದೆ ಹೂ ಕೇಳಲು ಆಮೇಲೆ ಯಾರೂ ಬರಲಿಲ್ಲ. ಗಂಧದ ಪೂಜಾರಿ ಅಂತ ಹೆಸರು ಬಿತ್ತು ಅವನಿಗೆ. ಹುಡುಗರು ಅವನ ಹಿಂದೆ, “ಗಂಧ ಎಷ್ಟ ಹಚ್ಚಲೋ ಮುತ್ಯಾ” ಅಂತ ಕೂಗುತ್ತಿದ್ದರು. ಅವನಿಗೆ ಕಿವಿ ಮಂದವಾದದ್ದು ಒಳ್ಳೆಯದೇ ಆಯಿತು ಅಂತ ನಾನು ನಗುತ್ತಿದ್ದೆ.

ಪಂಚಮಿಗೆ ಅಕ್ಕ ತವರಿಗೆ ಬಂದಾಗ ಎರಡೂ ಕೈಗೆ ಮೊಣಕೈ ತನಕ ಬಳೆ ತೊಟ್ಟಿದ್ದಳು. ವಖಾರದ ಮನೆಯ ಸೊಸೆ ಅಂದರೆ ಹೀಗಿರಬೇಕು ಅಂದರು ಓಣಿಯವರು. ಪಾತ್ರೆ ತಿಕ್ಕುವಾಗಲೂ ಅವಳು ಬಳೆ ಮೇಲೆ ಸರಿಸಲಿಲ್ಲ. ಹೊಲಿಗೆ ಮಷೀನಿನ ಮುಂದೆ ಕೂತು ಬರೀ ಚಕ್ರ ತಿರುಗಿಸಿ ಎದ್ದುಹೋದಳು. ನಾನು ಆಗಲೂ ಸಂಶಯಪಡಲಿಲ್ಲ. ಊರವರೆಲ್ಲರ ಮೇಲೆ ಸಂಶಯಪಡುವ ನನಗೆ ನನ್ನ ಕೈಯಿಂದ ಬಿದ್ದ ಮೊಗ್ಗಿನ ಮೇಲೆ ಮಾತ್ರ ಎಷ್ಟೊಂದು ನಂಬಿಕೆ!

ಎರಡು ವರ್ಷದ ಮೇಲೆ, ಅವ್ವ ಕೊಟ್ಟ ತುಪ್ಪದ ಡಬ್ಬಿ ಹಿಡಿದು ನಾನೊಬ್ಬಳೇ ನಿಪ್ಪಾಣಿಗೆ ಹೋದೆ. ಅಕ್ಕ ಅದೇ ಅಡಿಗೆಮನೆಯಲ್ಲಿ, ಅದೇ ಹಂಡೆಗಳ ಮುಂದೆ ಚಹಾ ಮಾಡಿದಳು. ಎದುರು ಕೂತಳು. ನನ್ನ ಪರೀಕ್ಷೆಯ ಬಗ್ಗೆ ಕೇಳಿದಳು. ಹೊರಗೆ ಫಟಫಟಿ ಬಂದು ನಿಂತಿತು. ಅಕ್ಕ ಅರ್ಧ ಕುಡಿದ ಕಪ್ಪನ್ನು ನೆಲದ ಮೇಲಿಟ್ಟು, ಎದ್ದು, ಗೋಡೆಗೆ ಬೆನ್ನು ಹಚ್ಚಿ ನಿಂತಳು.

ಅವಳ ಕೈ ಹಿಡಿದು ಬಳೆ ಮೇಲಕ್ಕೆ ತಳ್ಳಿದೆ. ಅವಳು ಕೈ ಕಸಿದುಕೊಂಡು, “ಸುಮ್ಮನಿರಬೇ, ಕೇಳಸತೈತಿ” ಅಂದಳು. ನಾನು ನೋಡುವುದನ್ನು ನೋಡಿಬಿಟ್ಟಿದ್ದೆ. ಹಳೆಯ ಕಲೆ, ಅದರ ಮೇಲೆ ಹೊಸ ಕಲೆ.

ಮನೆಗೆ ಬಂದು ನೆಟ್ಟಗೆ ಕೊಟ್ಟಿಗೆಗೆ ಹೋದೆ. ಅವ್ವ ಎಮ್ಮೆ ಕರೆಯುತ್ತಿದ್ದಳು. ಕಂಡದ್ದನ್ನೆಲ್ಲ ಹೇಳಿದೆ. ಅವ್ವ ಕರೆಯುವುದನ್ನು ನಿಲ್ಲಿಸಲಿಲ್ಲ, ನನ್ನ ಕಡೆ ತಿರುಗಲೂ ಇಲ್ಲ.

“ನನಗ ಗೊತ್ತಿತ್ತು” ಅಂದಳು. “ಮನಿ ನೋಡಾಕ ಹೋದ ದಿನಾನ ಗೊತ್ತಾತು. ಆ ಹಿರೀಸೊಸಿ ಚಾ ಬಿಟ್ಟು ಎದ್ದಳಲ್ಲ, ಹಂಗ ಯಾರೂ ಮರ್ಯಾದಿಗೆ ಏಳೂದಿಲ್ಲ. ಹೊಡತ ತಿಂದಾಕಿ ಹಂಗ ಏಳತಾಳ.”

“ಮತ್ತ ಅಪ್ಪಗ ಯಾಕ ಹೇಳಲಿಲ್ಲ?”

“ಏನಂತ ಹೇಳಲಿ? ಅರ್ಧಾ ಕಪ್ಪ ಚಾ ಉಳಿಸಿದಳು, ಸಂಬಂಧ ಬ್ಯಾಡಂತ? ಸಂಶಯ ಪಿಶಾಚಿ ಅಂದು ಹೋಗತಿದ್ದ. ಅದಕ್ಕ ಕಾಯಿ ಎಡಕ್ಕ ತಿರಿವಿದ್ದೆ.”

ನನಗೆ ಅರ್ಥವಾಗಲಿಲ್ಲ. ಅವ್ವ ಬೋಗುಣಿಯನ್ನು ಪಕ್ಕಕ್ಕಿಟ್ಟು ಆಗ ಹೇಳಿದಳು. ತಾಟಿನಲ್ಲಿ ಕಾಯಿಯ ಜುಟ್ಟು ದೇವಿಯ ಕಡೆಗೆ ನೆಟ್ಟಗೆ ಇದ್ದರೆ, ಈ ಹೆಂಗಸು ನಿಜವಾಗಿ ಕೇಳುತ್ತಿದ್ದಾಳೆ ಅಂತ. ಪೂಜಾರಿ ಆಗ ಎರಡೂ ಕಡೆ ನೀರನ್ನೇ ಹಚ್ಚುತ್ತಾನೆ. ಜುಟ್ಟು ಬಲಕ್ಕೆ ವಾಲಿದ್ದರೆ ಈಕೆಗೆ ಬೇಕಾಗಿದೆ. ಎಡಕ್ಕೆ ವಾಲಿದ್ದರೆ ಈಕೆಗೆ ಬೇಡವಾಗಿದೆ, ಆದರೆ ಮನೆಯಲ್ಲಿ ಬೇಡ ಅನ್ನುವ ಬಾಯಿ ಇಲ್ಲ. ಅವ್ವನಿಗೆ ಅವಳ ಅತ್ತೆ ಹೇಳಿಕೊಟ್ಟಿದ್ದಳು, ಅತ್ತೆಗೆ ಅವಳ ಅತ್ತೆ. ಪೂಜಾರಿಗೆ ಅವನ ಅಪ್ಪ. ಹೆಂಗಸರೂ ಪೂಜಾರಿಯೂ ಇದರ ಬಗ್ಗೆ ಎಂದೂ ಒಂದು ಮಾತೂ ಆಡಿದ್ದಿಲ್ಲ. ಗಂಡಸರಿಗೆ ಯಾರಿಗೂ ಗೊತ್ತಿಲ್ಲ. ಊರಿನಲ್ಲಿ ಎಷ್ಟು ಕೆಟ್ಟ ಸಂಬಂಧಗಳು ಹೀಗೆ ದೇವಿಯ ಬಾಯಿಂದ ತಪ್ಪಿದ್ದವೋ!

“ನನಗ್ಯಾಕ ಹೇಳಲಿಲ್ಲವ್ವಾ?” ಅಂದೆ.

“ಲಗ್ನದ ಮಾತ ಬಂದ ಮ್ಯಾಲ ಹೇಳೂದದು. ಅಲ್ಲದ ನೀ ಎಲ್ಲಾರದೂ ಬಯಲಿಗೆ ಎಳಿಯಾಕಿ. ನಿನಗ ಹೆಂಗ ಹೇಳಲಿ?” ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಈಗ ಕೇಳಾಕ ಹೂನೂ ಉಳಿದಿಲ್ಲ. ನಿನಗ ಬಂದ ಸಂಬಂಧ ಬ್ಯಾಡಾದರ ನೀನ ಬಾಯಿ ಬಿಟ್ಟು ಹೇಳಬೇಕು ನೋಡು.”

ನಾನು ಕೊಟ್ಟಿಗೆಯಲ್ಲೇ ಕೂತು ಅತ್ತೆ. ನನ್ನ ಸಂಶಯ ಸುಳ್ಳಾಗಿರಲಿಲ್ಲ. ಪೂಜಾರಿ ನಿಜವಾಗಿಯೂ ಗಂಧ ಹಚ್ಚುತ್ತಿದ್ದ. ನಾನು ಕೈಯನ್ನು ನೋಡಿದ್ದೆ, ತಾಟನ್ನು ನೋಡಿರಲಿಲ್ಲ.

ಅಪ್ಪನಿಗೆ ಬಳೆಯ ಕೆಳಗಿನ ಕಲೆಯನ್ನಷ್ಟೇ ಹೇಳಿದೆವು. ಅವನು ಎರಡು ಸಲ ನಿಪ್ಪಾಣಿಗೆ ಹೋಗಿ, ಎರಡು ಸಲವೂ ಅವರ ಚಹಾ ಕುಡಿದು ಬಂದ. “ಕೊಟ್ಟ ಹೆಣ್ಣು ಕುಲಕ್ಕ ಹೊರಗು” ಅಂದು ಹಾಸಿಗೆಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಅಕ್ಕನನ್ನು ಕರೆಯಲು ನಾನೇ ಹೋದೆ. ಅಷ್ಟರಲ್ಲಿ ಅವಳಿಗೆ ಮಗುವಾಗಿತ್ತು. ಬರುವುದಿಲ್ಲ ಅಂದಳು.

ಪೂಜಾರಿಯ ಹತ್ತಿರವೂ ಹೋದೆ. ಅವನಿಗೆ ಆಗ ಕಣ್ಣೂ ಕಾಣುತ್ತಿರಲಿಲ್ಲ. ಕಟ್ಟೆಯ ಮೇಲೆ ಕೂತು ಬತ್ತಿ ಹೊಸೆಯುತ್ತಿದ್ದ. ಯಾರ ಮಗಳು ಅಂತ ಹೇಳಿದ ಮೇಲೆ, ತಪ್ಪಾಯಿತು ಅಂತ ಕಾಲು ಹಿಡಿದೆ. ಕಿವಿಯ ಹತ್ತಿರ ಬಾಯಿ ಇಟ್ಟು, “ಅವತ್ತು ಇದು ನಮ್ಮವ್ವನ ಕೆಲಸ ಅಂತ ಯಾಕ ಹೇಳಲಿಲ್ಲರಿ?” ಅಂತ ಕೇಳಿದೆ.

“ಹೇಳಿದ್ದರ ನಿಮ್ಮಪ್ಪ ನಿಮ್ಮವ್ವನ್ನ ಬಿಡತಿದ್ದನ?” ಅಂದ. ಬತ್ತಿ ಹೊಸೆಯುತ್ತಲೇ, “ನನಗ ಮುಂದಿಂದು ಏನೂ ಗೊತ್ತಾಗತಿದ್ದಿಲ್ಲ ತಂಗಿ. ಹೆಂಗಸರಿಗೆ ಗೊತ್ತಾಗತಿತ್ತು. ನಾ ಅದನ್ನ ದೇವಿ ಹೆಸರಿಲೆ ಕೂಗಿ ಹೇಳತಿದ್ದೆ, ಅಷ್ಟ” ಅಂದ.

ನೋಡಾಂವ, ಹೇಳಾಂವ, ಕೇಳಾಂವ ಅಂತ ಎಷ್ಟೊಂದು ಹೆಸರು ನಮ್ಮಲ್ಲಿ. ಅರ್ಧ ಕಪ್ ಚಹಾ ನೋಡಿ ಮಗಳ ಇಡೀ ಬಾಳನ್ನು ಕಂಡ ಹೆಂಗಸಿಗೆ ಒಂದು ಹೆಸರಿಲ್ಲ. ಇದ್ದದ್ದು ಸಂಶಯ ಪಿಶಾಚಿ ಅಂತ ಅಪ್ಪ ಕೊಟ್ಟ ಆ ಒಂದು ಬೈಗುಳ ಮಾತ್ರ, ಅದನ್ನೂ ನಾನೇ ಇಟ್ಟುಕೊಂಡು ಮೆರೆದೆ.

ಅಕ್ಕನಿಗೆ ಇದನ್ನು ಹೇಳಲು ನನಗೆ ಇನ್ನೂ ಐದಾರು ವರ್ಷ ಬೇಕಾಯಿತು. ನಾನು ಆಗ ಅಥಣಿಯ ಕಡೆ ಒಂದು ಶಾಲೆಯಲ್ಲಿ ಕಲಿಸುತ್ತಿದ್ದೆ. ಬಂದ ಎರಡು ಸಂಬಂಧಗಳಿಗೆ ಬಾಯಿ ಬಿಟ್ಟು ಬೇಡ ಅಂದಿದ್ದೆ, ಅಪ್ಪ ನನ್ನ ಜೊತೆ ಮಾತು ಬಿಟ್ಟಿದ್ದ. ಆ ವರ್ಷ ಪಂಚಮಿಗೆ ಇಬ್ಬರೂ ತವರಿಗೆ ಬಂದಿದ್ದೆವು. ಅವಳ ಮಕ್ಕಳು ಅವ್ವನ ಜೊತೆ ಜೋಕಾಲಿಯ ಹತ್ತಿರ ಹೋಗಿದ್ದವು. ಹಿತ್ತಲ ಮೆಟ್ಟಿಲ ಮೇಲೆ ಚಹಾ ಹಿಡಿದು ಕೂತಿದ್ದೆವು. ಮಧ್ಯಾಹ್ನದ ಬಿಸಿಲು, ತಂತಿಯ ಮೇಲೆ ಅವಳ ಮಗನ ಎರಡು ಚಡ್ಡಿ ಒಣಗುತ್ತಿದ್ದವು. ಅಕ್ಕ ಅವನ್ನು ನೋಡಿ ಬುಡಬುಡಿಕೆಯವನನ್ನು ನೆನೆಸಿಕೊಂಡು ನಕ್ಕಳು. ಆ ನಗು ಕೇಳಿ ನನಗೆ ತಡೆಯಲಾಗಲಿಲ್ಲ. ಕಾಯಿ, ಜುಟ್ಟು, ಗಂಧ, ಎಲ್ಲ ಹೇಳಿಬಿಟ್ಟೆ. ನಿನ್ನ ಬಾಳು ನಾನೇ ಹಾಳು ಮಾಡಿದೆ ಅಂದೆ.

ಅಕ್ಕ ಚಹಾ ಊದಿದಳು. “ನನಗ ಗೊತ್ತಿತ್ತು” ಅಂದಳು.

“ಏನ ಗೊತ್ತಿತ್ತು?”

“ಕಾಯಿದು. ಹಿಂದಿನ ದಿನಾನ ಅವ್ವ ಹೇಳಿದ್ದಳು. ನಾಳೆ ಎಡಕ್ಕ ಬೀಳತೈತಿ, ಅಂಜಬ್ಯಾಡ ಅಂದಿದ್ದಳು.”

ನಾನು ಅವಳ ಮುಖವನ್ನೇ ನೋಡಿದೆ. “ಹಂಗಾರ ನಾ ಎದ್ದಾಗ ನೀ ಯಾಕ ಸುಮ್ಮನ ಕುಂತಿ? ಒಂದು ಮಾತು, ನನಗ ಈ ಸಂಬಂಧ ಬ್ಯಾಡ ಅಂತ ಒಂದು ಮಾತು ಅಂದಿದ್ದರ...”

“ಅನ್ನಬೇಕಂತ ಬಾಯಿ ತಗದಿದ್ದೆ” ಅಂದಳು ಅಕ್ಕ. “ಅಷ್ಟರಾಗ ಅಪ್ಪ ನಿನ್ನ ಬೆನ್ನು ತಟ್ಟಿದ. ಶಾಣ್ಯಾಕಿ ಅಂದ. ನಿನ್ನ ಮಾರಿ ಹೆಂಗಾಗಿತ್ತು ಅಂತಿ! ನಾ ಬ್ಯಾಡ ಅಂದಿದ್ದರ ಎಲ್ಲಾ ಮತ್ತ ನಿನ್ನ ಮ್ಯಾಲ ಬರತಿತ್ತು. ಕಲತ ತಂಗಿನ ತಲಿ ಕೆಡಿಸ್ಯಾಳ ಅಂತ ಕಾಲೇಜ ಬಿಡಸತಿದ್ದ.”

ಅವಳ ಕೈಯ ಮೇಲೆ ಕೈ ಇಟ್ಟೆ, ಬಳೆಗಳ ಮೇಲೆಯೇ.

ಗೋಡೆಯ ಆಚೆ ಒಂದು ಫಟಫಟಿ ಬಂದು ನಿಂತಿತು. ಡೇರಿಗೆ ಹಾಲು ಒಯ್ಯುವವನು, ದಿನಾ ಆ ಹೊತ್ತಿಗೇ ಬರುವವನು. ಕ್ಯಾನಿನ ಸದ್ದೂ ಕೇಳಿಸಿತು. ನನ್ನ ಕೈ ಖಾಲಿಯಾಯಿತು. ತಿರುಗಿ ನೋಡಿದರೆ ಕಪ್ಪು ಮೆಟ್ಟಿಲ ಮೇಲಿತ್ತು, ಅದರಲ್ಲಿ ಅರ್ಧ ಚಹಾ ಇತ್ತು. ಅಕ್ಕ ನಮ್ಮ ಮನೆಯ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು.